ಹೊಟ್ಟೆಯೊಳಗಿನ ಬಿಡಾರ

ಕಳೆದ ವರ್ಷ ಶ್ರಾವಣದ ಒಂದು ದಿನ. ರಾತ್ರಿಯಿಡೀ ಸುರಿದ ಮಳೆಗೆ ಹಳಿಗಳ ಮೇಲೆ ನೀರು ನಿಂತು ಲೋಕಲ್ ಗಾಡಿಗಳು ಅಲ್ಲಲ್ಲಿಯೇ ತಂಗಿದ್ದವು. ನಮ್ಮ ಶಾಲೆಯ ವಿಜ್ಞಾನ ಶಿಕ್ಷಕರು ದಾರಿಯಲ್ಲಿ ಸಿಕ್ಕಿಬಿದ್ದುದರಿಂದ ಎಂಟನೆಯ ಇಯತ್ತೆಯ ಅವರ ಪಾಠವನ್ನು ನೋಡಿಕೊಳ್ಳುವಂತೆ ಮುಖ್ಯಾಧ್ಯಾಪಕರು ನನಗೆ ಹೇಳಿದರು. ನಾನು ಕನ್ನಡ ಕಲಿಸುವವನು. ಷಟ್ಪದಿಗೆ ಪ್ರಸ್ತಾರ ಹಾಕುವುದಾದರೆ ನಾನು ಯಾರಿಗೂ ಅಂಜುವವನಲ್ಲ. ಆದರೆ ಅಂದಿನ ಪಾಠ ಸೂಕ್ಷ್ಮಜೀವಿಗಳದು. ಪುಸ್ತಕವನ್ನು ಎದುರಿಗಿಟ್ಟುಕೊಂಡು, ಹಾಲು ಮೊಸರಾಗುವುದು ಹೇಗೆ, ಕಾಲರಾ ಹಬ್ಬುವುದು ಹೇಗೆ ಎಂದು ಹೇಳುತ್ತ ಹೇಗೋ ಅರ್ಧ ತಾಸನ್ನು ದೂಡಿದೆ.

ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ. ಹೊಟ್ಟೆಯೊಳಗೆ ಒಳ್ಳೆಯ ಬ್ಯಾಕ್ಟೀರಿಯಾ ಬೆಳೆದರೆ ಆ ಕಾಯಿಲೆ ಹೋಗುತ್ತದಂತೆ. ನಿಜವೇ?" ಎಂದು ಕೇಳಿದಳು.

ಮಕ್ಕಳೆಲ್ಲ ನನ್ನ ಮುಖವನ್ನು ನೋಡಿದರು. ಉತ್ತರ ಗೊತ್ತಿಲ್ಲದೆ ನಾನು ಸುಮ್ಮನಾದೆನೆಂದು ಅವರು ತಿಳಿದಿರಬೇಕು. ಹಾಗಲ್ಲ. ಅದೇ ಪ್ರಶ್ನೆಗೆ ಅವಸರದಲ್ಲಿ ತಪ್ಪು ಉತ್ತರವನ್ನು ನಂಬಿ, ನನ್ನ ಹೆತ್ತ ತಾಯಿಯನ್ನು ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಸಿದವನು ನಾನು. "ಇದಕ್ಕೆ ಒಂದು ಮಾತಿನಲ್ಲಿ ಉತ್ತರ ಕೊಡಲಾರೆ, ಮಗೂ. ಒಂದು ದಿನ ಖಂಡಿತ ಕೊಡುತ್ತೇನೆ" ಎಂದೆ. ಗಂಟೆ ಬಾರಿಸಿತು. ಈಗ ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಿರೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಸಾಲವೊಂದನ್ನು ತೀರಿಸುವ ಅವಕಾಶ ತಾನಾಗಿ ಒದಗಿತೆಂದು ಸಂತೋಷವಾಯಿತು. ವಿದ್ಯಾರ್ಥಿ ಮಿತ್ರರೆ, ಈ ಬರಹ ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ.

ಮೊದಲು ನನ್ನ ತಪ್ಪಿನ ಕಥೆಯನ್ನು ಹೇಳಿಬಿಡುವುದು ಮೇಲು. ನಾನು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮೆಟ್ರಿಕ್ ಮುಗಿಸಿದವನು. ಕೆಲಸವನ್ನರಸಿ ಮುಂಬಯಿಗೆ ಬಂದು ಹನ್ನೆರಡು ವರ್ಷಗಳಾದವು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನೂ ಇಲ್ಲಿಗೇ ಕರೆತಂದೆ. ಹೊಲದಲ್ಲಿ ಬೆಳಗಿನಿಂದ ಬೈಗಿನವರೆಗೆ ಬಾಗಿ ದುಡಿದ ಜೀವ ಮೂರನೆಯ ಮಹಡಿಯ ಒಂದೂವರೆ ಕೋಣೆಯಲ್ಲಿ ಕೂತಿತು. ಅಂಗಳವಿಲ್ಲ, ಹಿತ್ತಿಲಿಲ್ಲ, ನಡೆದಾಡಬೇಕೆಂದರೆ ಮೆಟ್ಟಿಲಿಳಿಯಬೇಕು, ಮೊಣಕಾಲು ಕೇಳದು. ಎರಡು ವರ್ಷಗಳಲ್ಲಿ ಅವಳಿಗೆ ಮಧುಮೇಹವೆಂದು ವೈದ್ಯರು ಹೇಳಿದರು. ದಿನಕ್ಕೆ ಎರಡು ಹೊತ್ತು ಮೆಟ್‌ಫಾರ್ಮಿನ್ ಎಂಬ ಗುಳಿಗೆಯನ್ನು ಬರೆದುಕೊಟ್ಟರು.

ಆ ಗುಳಿಗೆ ಅವ್ವನಿಗೆ ಒಗ್ಗಲಿಲ್ಲ. ಹೊಟ್ಟೆಯುಬ್ಬರ, ಒಮ್ಮೊಮ್ಮೆ ಭೇದಿ. "ತಮ್ಮಾ, ಈ ಗುಳಿಗಿ ನುಂಗಿ ನುಂಗಿ ಹೊಟ್ಟಿ ಕೆಟ್ಟೈತಿ. ಇದರ ಬದಲಿ ಏನರ ಇದ್ರ ಕೊಡಸಪ್ಪಾ" ಎಂದು ದಿನವೂ ಗೋಗರೆಯುತ್ತಿದ್ದಳು. ವೈದ್ಯರ ಬಳಿಗೆ ಮತ್ತೆ ಹೋಗಿ ಕೇಳಬೇಕಾಗಿತ್ತು. ಹೋಗಲಿಲ್ಲ. ಆ ದಿನಗಳಲ್ಲಿಯೇ ಗಾಡಿಯಲ್ಲಿ ಸಿಕ್ಕ ಪರಿಚಿತನೊಬ್ಬ ಒಂದು ಸೀಸೆಯನ್ನು ತೋರಿಸಿದ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಅದರಲ್ಲಿವೆಯೆಂದೂ, ಮಧುಮೇಹದ ಮೂಲವೇ ಕರುಳೆಂದು ವಿಜ್ಞಾನಿಗಳು ಕಂಡುಹಿಡಿದಿದ್ದಾರೆಂದೂ, ಮೂರು ತಿಂಗಳು ಸೇವಿಸಿದರೆ ಗುಳಿಗೆಯ ಹಂಗೇ ಇರದೆಂದೂ ಹೇಳಿದ. 'ವಿಜ್ಞಾನಿಗಳು' ಎಂಬ ಆ ಒಂದು ಮಾತಿಗೆ ನಾನು ಮಾರುಹೋದೆ. ಸಂಬಳದ ಒಂದು ಪಾಲನ್ನು ತೆತ್ತು ಸೀಸೆಯನ್ನು ತಂದೆ. ಅವ್ವ ಗುಳಿಗೆ ಬಿಟ್ಟಳು. ಹೊಟ್ಟೆಯ ತೊಂದರೆ ನಿಂತಿತು. ನಮಗೆಲ್ಲ ಹಿಗ್ಗೋ ಹಿಗ್ಗು.

ಎರಡು ತಿಂಗಳು ಕಳೆಯುವುದರೊಳಗೆ ಅವ್ವ ಸೊರಗಿದಳು. ಎಷ್ಟು ನೀರು ಕುಡಿದರೂ ದಾಹ ತೀರದು. ಕಾಲಿನ ಹೆಬ್ಬೆರಳಿಗೆ ತಾಗಿದ ಚಿಕ್ಕ ಗಾಯ ಮಾಯದೆ ಕೀವಾಯಿತು. ಒಂದು ರಾತ್ರಿ ಜ್ವರ ಏರಿ ಮಾತು ತೊದಲತೊಡಗಿತು. ಆಸ್ಪತ್ರೆಯಲ್ಲಿ ರಕ್ತವನ್ನು ಪರೀಕ್ಷಿಸಿದಾಗ ಸಕ್ಕರೆ ನಾನೂರನ್ನು ದಾಟಿತ್ತು. ಹನ್ನೊಂದು ದಿನ ಅಲ್ಲಿದ್ದೆವು. ಬೆರಳು ಉಳಿಯಿತು, ಅವ್ವ ಉಳಿದಳು. ವೈದ್ಯರು ಬಯ್ಯಲಿಲ್ಲ. "ನೀವು ಮಾಸ್ತರರಲ್ಲವೇ? ಓದಿ ತಿಳಿದುಕೊಳ್ಳಬಹುದಾಗಿತ್ತಲ್ಲ" ಎಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ; ಈ ಮಾತು ಮರೆಯಲಿಲ್ಲ. ಅಂದಿನಿಂದ ಬಿಡುವಾದಾಗಲೆಲ್ಲ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಈ ವಿಷಯವನ್ನು ಓದುತ್ತ ಬಂದಿದ್ದೇನೆ. ಓದಿದ ಮೇಲೆ ತಿಳಿದದ್ದು ಇದು: ಸೀಸೆ ಮಾರಿದವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅರ್ಧ ಸತ್ಯ. ಅದಕ್ಕಾಗಿಯೇ ಅದು ಅಷ್ಟು ಅಪಾಯಕರವಾಯಿತು.

ಮಧುಮೇಹವೆಂದರೇನು? ನಾವು ಉಂಡ ಅನ್ನ, ರೊಟ್ಟಿಗಳು ಪಚನವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ಆ ಸಕ್ಕರೆ ರಕ್ತದಿಂದ ಮಾಂಸಖಂಡಗಳ ಜೀವಕೋಶಗಳೊಳಕ್ಕೆ ಹೋಗಬೇಕಾದರೆ ಇನ್ಸುಲಿನ್ ಎಂಬ ರಸ ಬೇಕು. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿ ಅದನ್ನು ತಯಾರಿಸುತ್ತದೆ. ಕೆಲವರಲ್ಲಿ, ಹೆಚ್ಚಾಗಿ ಎಳೆಯ ವಯಸ್ಸಿನಲ್ಲಿ, ದೇಹದ ರಕ್ಷಣಾ ಪಡೆಯೇ ತಪ್ಪು ತಿಳಿದು ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡುತ್ತದೆ. ಇದು ಮೊದಲನೆಯ ಬಗೆ. ಇಂಥವರಿಗೆ ಹೊರಗಿನಿಂದ ಇನ್ಸುಲಿನ್ ಚುಚ್ಚಲೇಬೇಕು. ಎರಡನೆಯ ಬಗೆಯಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಜೀವಕೋಶಗಳು ಅದರ ಮಾತನ್ನು ಸರಿಯಾಗಿ ಕೇಳವು. ಕೂಗಿ ಕೂಗಿ ಗ್ರಂಥಿಯೂ ಕ್ರಮೇಣ ದಣಿಯುತ್ತದೆ. ನಮ್ಮ ಅವ್ವನದೂ, ನಿಮ್ಮ ಅಜ್ಜ ಅಜ್ಜಿಯರಲ್ಲಿ ಬಹುಮಂದಿಯದೂ ಈ ಎರಡನೆಯ ಬಗೆ.

೧೯೨೧ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬಿಬ್ಬರು ಇನ್ಸುಲಿನ್ನನ್ನು ಬೇರ್ಪಡಿಸಿದರು. ೧೯೨೨ರ ಜನವರಿಯಲ್ಲಿ ಅದನ್ನು ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಚುಚ್ಚಿದರು. ನಿಮ್ಮದೇ ವಯಸ್ಸಿನ ಆ ಬಾಲಕ ಸಾವಿನ ದವಡೆಯಿಂದ ಪಾರಾಗಿ ಇನ್ನೂ ಹದಿಮೂರು ವರ್ಷ ಬದುಕಿದ. ಅಂದಿನಿಂದ ಮಧುಮೇಹದ ಮಾತೆಂದರೆ ಮೇದೋಜೀರಕ ಗ್ರಂಥಿಯ ಮಾತು ಎಂದು ಎಲ್ಲರೂ ತಿಳಿದರು. ಅದರಿಂದ ಸ್ವಲ್ಪ ಕೆಳಗೆ, ದೊಡ್ಡ ಕರುಳಿನ ಕತ್ತಲಲ್ಲಿ ವಾಸಿಸುವವರಿಗೂ ಈ ಮಾತಿನಲ್ಲಿ ಪಾಲುಂಟೆಂದು ಯಾರೂ ಎಣಿಸಿರಲಿಲ್ಲ.

ಆ ನಿವಾಸಿಗಳನ್ನು ಮೊದಲು ಕಂಡವನು ದೊಡ್ಡ ಪಂಡಿತನಲ್ಲ. ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನ ಬಟ್ಟೆಯ ವ್ಯಾಪಾರಿ ಲೇವನ್‌ಹುಕ್. ತಾನೇ ಉಜ್ಜಿ ಮಾಡಿದ ಮಸೂರದ ಕೆಳಗೆ ಹಲ್ಲಿನ ಸಂದಿಯ ಕೊಳೆಯನ್ನಿಟ್ಟು ನೋಡಿ, ಅಲ್ಲಿ ಓಡಾಡುವ ಪುಟ್ಟ ಪ್ರಾಣಿಗಳನ್ನು ಕುರಿತು ೧೬೮೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಅದಕ್ಕೆ ಎರಡು ವರ್ಷ ಮೊದಲೇ, ಹೊಟ್ಟೆ ಕೆಟ್ಟಾಗ ತನ್ನ ಮಲವನ್ನೂ ಅದೇ ಮಸೂರದಿಂದ ಪರೀಕ್ಷಿಸಿದ್ದ. ಪಂಡಿತರ ಭಾಷೆ ಅಂದು ಲ್ಯಾಟಿನ್. ಅವನಿಗೆ ಅದು ಬರುತ್ತಿರಲಿಲ್ಲ. ಬರುತ್ತಿದ್ದುದು ತಾಯ್ನುಡಿಯಾದ ಡಚ್ಚು ಒಂದೇ. ಅದರಲ್ಲಿಯೇ ಬರೆದ, ಲೋಕ ಅದನ್ನು ಅನುವಾದಿಸಿಕೊಂಡು ಓದಿತು. ಕನ್ನಡ ಶಾಲೆಯಲ್ಲಿ ಓದುತ್ತೇವೆಂದು ಗಾಡಿಯಲ್ಲಿ ದನಿ ತಗ್ಗಿಸಿ ಮಾತನಾಡುವ ನನ್ನ ವಿದ್ಯಾರ್ಥಿಗಳು ಈ ಬಟ್ಟೆಯಂಗಡಿಯವನನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ದೇಹದಲ್ಲಿ ಬ್ಯಾಕ್ಟೀರಿಯಾಗಳು ಎಷ್ಟಿವೆ? ಜೀವಕೋಶಗಳ ಹತ್ತು ಪಟ್ಟು ಎಂದು ಬಹುಕಾಲ ಬರೆಯುತ್ತಿದ್ದರು. ೨೦೧೬ರಲ್ಲಿ ಕೆಲವು ವಿಜ್ಞಾನಿಗಳು ಲೆಕ್ಕವನ್ನು ಮತ್ತೆ ಹಾಕಿದರು. ಎಪ್ಪತ್ತು ಕಿಲೋ ತೂಕದ ಒಬ್ಬ ಗಂಡಸಿನಲ್ಲಿ ಸುಮಾರು ೩೮ ಲಕ್ಷ ಕೋಟಿ ಬ್ಯಾಕ್ಟೀರಿಯಾ, ಸುಮಾರು ೩೦ ಲಕ್ಷ ಕೋಟಿ ಜೀವಕೋಶಗಳು, ಹೆಚ್ಚುಕಡಿಮೆ ಸಮಸಮ. ಅಷ್ಟನ್ನೂ ಒಟ್ಟುಗೂಡಿಸಿ ತೂಗಿದರೆ ಎರಡು ನೂರು ಗ್ರಾಮು, ಅಂದರೆ ಒಂದು ಲೋಟ ಹಾಲಿನಷ್ಟು. ಬಹುಪಾಲು ವಾಸ ದೊಡ್ಡ ಕರುಳಿನಲ್ಲಿ. ನಮ್ಮ ಪರಳದ ಚಾಳುಗಳಲ್ಲಿ ಒಂದೊಂದು ಖೋಲಿಯಲ್ಲಿ ಹತ್ತು ಹತ್ತು ಜನ ಬಿಡಾರ ಹೂಡಿದ್ದರೆಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಈ ಚಾಳಿನ ದಟ್ಟಣೆಯ ಮುಂದೆ ಅದೆಲ್ಲ ಬಯಲು ಸೀಮೆ!

ಈ ಬಿಡಾರದವರು ಪುಕ್ಕಟೆ ಇರುವವರಲ್ಲ, ಬಾಡಿಗೆ ಕೊಡುತ್ತಾರೆ. ಜೋಳ, ಕಾಳು, ಸೊಪ್ಪು, ಹಣ್ಣುಗಳಲ್ಲಿ ನಾರಿನ ಅಂಶವಿದೆ. ಅದನ್ನು ಕರಗಿಸುವ ಶಕ್ತಿ ನಮ್ಮ ಜಠರಕ್ಕೂ ಸಣ್ಣ ಕರುಳಿಗೂ ಇಲ್ಲ. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಉಣ್ಣುತ್ತವೆ. ಉಂಡು ಅಸಿಟಿಕ್, ಪ್ರೊಪಿಯೊನಿಕ್, ಬ್ಯುಟಿರಿಕ್ ಎಂಬ ಮೂರು ಆಮ್ಲಗಳನ್ನು ನಮಗೆ ಬಿಟ್ಟುಕೊಡುತ್ತವೆ. ಮೊದಲನೆಯದು ವಿನಿಗರಿನ ಹುಳಿ. ಕೊನೆಯದು ಕೆಟ್ಟ ಬೆಣ್ಣೆಯ ನಾತಕ್ಕೆ ಕಾರಣವಾದದ್ದು, ಹೆಸರು ಬಂದದ್ದೂ ಬೆಣ್ಣೆಯಿಂದಲೇ. ನಾತ ಕೆಟ್ಟದ್ದು, ಗುಣ ದೊಡ್ಡದು. ದೊಡ್ಡ ಕರುಳಿನ ಗೋಡೆಯ ಜೀವಕೋಶಗಳಿಗೆ ಇದೇ ಮುಖ್ಯ ಆಹಾರ. ಅವು ಹೊಟ್ಟೆ ತುಂಬ ಉಂಡರೆ ಗೋಡೆ ಬಿಗಿಯಾಗಿರುತ್ತದೆ. ಜೊತೆಗೆ ಈ ಆಮ್ಲಗಳ ಸುಳಿವು ಸಿಕ್ಕೊಡನೆ ಕರುಳಿನ ಕೆಲವು ಜೀವಕೋಶಗಳು ಒಂದು ಬಗೆಯ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಊಟವಾದ ಮೇಲೆ ಇನ್ಸುಲಿನ್ ಸುರಿಸುವಂತೆ ಅದು ಮೇದೋಜೀರಕ ಗ್ರಂಥಿಯನ್ನು ಎಚ್ಚರಿಸುತ್ತದೆ. ಇನ್ನು ಸಾಕೆಂದು ಮಿದುಳಿಗೂ ಹೇಳುತ್ತದೆ.

ನಾರಿಲ್ಲದ ಊಟವೇ ದಿನವೂ ನಡೆದರೆ ಏನಾಗುತ್ತದೆ? ನಾರನ್ನು ನಂಬಿದ ಬಿಡಾರಗಳು ಖಾಲಿಯಾಗುತ್ತವೆ. ಉಳಿದವುಗಳಲ್ಲಿ ಕೆಲವು ಹಸಿವಿಗೆ ಕರುಳಿನ ಗೋಡೆಯ ಮೇಲಿನ ಲೋಳೆಯನ್ನೇ ಮೇಯತೊಡಗುತ್ತವೆ. ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಾಗಳ ಹೊರಕವಚದ ಚೂರುಗಳು ರಕ್ತಕ್ಕೆ ಸೋರುತ್ತವೆ. ಇಲಿಗಳಿಗೆ ಅತಿಯಾಗಿ ಕೊಬ್ಬನ್ನು ತಿನ್ನಿಸಿದಾಗ ಹೀಗೆ ಸೋರಿದ ಚೂರುಗಳಿಂದ ದೇಹದಲ್ಲಿ ಸಣ್ಣ ಉರಿಯೊಂದು ಹತ್ತಿಕೊಂಡು, ಇನ್ಸುಲಿನ್ನಿನ ಮಾತನ್ನು ಜೀವಕೋಶಗಳು ಕೇಳದಂತಾಗುವುದನ್ನು ವಿಜ್ಞಾನಿಗಳು ೨೦೦೭ರಲ್ಲಿ ಪ್ರಕಟಿಸಿದರು. ಜ್ವರ ಬರಿಸುವಷ್ಟು ದೊಡ್ಡ ಉರಿಯಲ್ಲ; ಬೂದಿ ಮುಚ್ಚಿದ ಕೆಂಡ.

ಇದನ್ನೆಲ್ಲ ಹೇಗೆ ತಿಳಿದರೆಂದು ನೀವು ಕೇಳಬೇಕು. ಕೇಳದೆ ಯಾವುದನ್ನೂ ಒಪ್ಪಬೇಡಿರಿ. ಅಮೆರಿಕದ ಸೇಂಟ್ ಲೂಯಿಸ್ ನಗರದ ಜೆಫ್ರಿ ಗಾರ್ಡನ್ ಮತ್ತು ಸಂಗಡಿಗರು ಹುಟ್ಟಿದಂದಿನಿಂದ ಒಂದೂ ಬ್ಯಾಕ್ಟೀರಿಯಾ ತಾಗದಂತೆ ಇಲಿಗಳನ್ನು ಸಾಕಿದರು. ಅವು ಹೆಚ್ಚು ತಿಂದರೂ ತೆಳ್ಳಗಿದ್ದವು. ಸಾಧಾರಣ ಇಲಿಯ ಕರುಳಿನ ಬ್ಯಾಕ್ಟೀರಿಯಾಗಳನ್ನು ಅವಕ್ಕೆ ಕೊಟ್ಟಾಗ ಎರಡೇ ವಾರಗಳಲ್ಲಿ ದೇಹದ ಕೊಬ್ಬು ನೂರಕ್ಕೆ ಸುಮಾರು ಅರವತ್ತರಷ್ಟು ಏರಿತು, ತಿಂದದ್ದು ಮೊದಲಿಗಿಂತ ಕಡಿಮೆಯಾದರೂ ಸಹ. ಇದು ಪ್ರಕಟವಾದದ್ದು ೨೦೦೪ರಲ್ಲಿ. ೨೦೧೩ರಲ್ಲಿ ಅದೇ ತಂಡದವರು ಒಬ್ಬರು ದಪ್ಪ, ಒಬ್ಬರು ತೆಳು ಇರುವ ಅವಳಿ ಸೋದರಿಯರ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಕೊಟ್ಟರು. ದಪ್ಪಗಿನವಳವನ್ನು ಪಡೆದ ಇಲಿಗೆ ಕೊಬ್ಬು ಹೆಚ್ಚು ಬಂದಿತು. ಆದರೆ ಎರಡೂ ಬಗೆಯ ಇಲಿಗಳನ್ನು ಒಂದೇ ಗೂಡಿನಲ್ಲಿಟ್ಟು ನಾರು ಹೆಚ್ಚಿರುವ ಆಹಾರವನ್ನು ಕೊಟ್ಟಾಗ ತೆಳ್ಳಗಿನವಳ ಬ್ಯಾಕ್ಟೀರಿಯಾಗಳು ಇನ್ನೊಂದು ಇಲಿಯಲ್ಲಿಯೂ ನೆಲೆಸಿ ಅದು ಕೊಬ್ಬದಂತೆ ತಡೆದವು. ಕೊಬ್ಬು ಹೆಚ್ಚಿನ ಆಹಾರ ಕೊಟ್ಟಾಗ ಈ ರಕ್ಷಣೆ ಸಿಗಲಿಲ್ಲ. ಒಳ್ಳೆಯ ನೆರೆಯವರು ಬಂದರೆ ಸಾಲದು, ಅವರಿಗೆ ಉಣ್ಣಲು ಇರಬೇಕು ಎಂಬುದು ಇದರ ತಾತ್ಪರ್ಯ.

ಇಲಿಯ ಮಾತಾಯಿತು, ಮನುಷ್ಯರಲ್ಲಿ? ೨೦೧೨ರಲ್ಲಿ ಚೀನದ ೩೪೫ ಜನರನ್ನು ಪರೀಕ್ಷಿಸಿದ ವರದಿ ಬಂದಿತು. ಎರಡನೆಯ ಬಗೆಯ ಮಧುಮೇಹಿಗಳ ಕರುಳಿನಲ್ಲಿ ಬ್ಯುಟಿರಿಕ್ ಆಮ್ಲವನ್ನು ತಯಾರಿಸುವ ಬ್ಯಾಕ್ಟೀರಿಯಾಗಳು ಕಡಿಮೆಯಿದ್ದವು. ಮರುವರ್ಷ ಯುರೋಪಿನ ೧೪೫ ಮಂದಿ ಹೆಂಗಸರ ಪರೀಕ್ಷೆಯಲ್ಲಿಯೂ ರೋಗಿಗಳಲ್ಲಿ ಅಂಥ ವ್ಯತ್ಯಾಸ ಕಂಡಿತು. ಆದರೆ ಚೀನದವರ ಪಟ್ಟಿಗೂ ಯುರೋಪಿನವರ ಪಟ್ಟಿಗೂ ಪೂರ್ತಿ ತಾಳೆಯಾಗಲಿಲ್ಲ. ಇಲ್ಲಿಂದ ಮುಂದಿನ ಕಥೆಯೇ ನನ್ನ ಕಣ್ಣು ತೆರೆಯಿಸಿದ್ದು. ದಯವಿಟ್ಟು ನಿಧಾನವಾಗಿ ಓದಿರಿ.

೨೦೧೫ರಲ್ಲಿ ವಿಜ್ಞಾನಿಗಳ ದೊಡ್ಡ ಗುಂಪೊಂದು ಡೆನ್ಮಾರ್ಕ್, ಸ್ವೀಡನ್, ಚೀನ ಈ ಮೂರೂ ದೇಶಗಳ ೭೮೪ ಮಾದರಿಗಳನ್ನು ಒಟ್ಟಿಗಿಟ್ಟು ಒಂದು ಸರಳ ಪ್ರಶ್ನೆಯನ್ನು ಕೇಳಿತು: ಈ ರೋಗಿಗಳಲ್ಲಿ ಯಾರು ಯಾರು ಮೆಟ್‌ಫಾರ್ಮಿನ್ ನುಂಗುತ್ತಿದ್ದರು? ನುಂಗುವವರನ್ನೂ ನುಂಗದವರನ್ನೂ ಬೇರೆಯಾಗಿಟ್ಟು ನೋಡಿದಾಗ, ರೋಗದ ಗುರುತುಗಳೆಂದು ಹಿಂದೆ ಎಣಿಸಿದ್ದ ವ್ಯತ್ಯಾಸಗಳಲ್ಲಿ ಎಷ್ಟೋ ರೋಗದ್ದಲ್ಲ, ಗುಳಿಗೆಯದು ಎಂದು ತಿಳಿಯಿತು! ಗುಳಿಗೆಯೇ ಕರುಳಿನ ಬಿಡಾರಗಳನ್ನು ಅದಲುಬದಲು ಮಾಡಿತ್ತು. ಗುಳಿಗೆ ಮುಟ್ಟದವರಲ್ಲಿಯೂ ಬ್ಯುಟಿರಿಕ್ ಆಮ್ಲದ ತಯಾರಕರು ಕಡಿಮೆಯಿದ್ದುದು ನಿಜ. ಅಷ್ಟು ಮಾತ್ರ ಗಟ್ಟಿಯಾಗಿ ಉಳಿಯಿತು. ಜೊತೆಯಲ್ಲಿರುವುದೆಲ್ಲ ಕಾರಣವಲ್ಲ. ಕೋಳಿ ಕೂಗುವಾಗ ಬೆಳಗಾಗುತ್ತದೆ. ಕೋಳಿ ಕೂಗಿದ್ದರಿಂದ ಬೆಳಗಾಗುವುದಿಲ್ಲ. ಈ ಸಣ್ಣ ಮಾತು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಸೀಸೆ ಕೊಂಡೆ.

೨೦೧೭ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹೊಸದಾಗಿ ಮಧುಮೇಹ ಕಂಡ ಕೆಲವರಿಗೆ ನಾಲ್ಕು ತಿಂಗಳು ಮೆಟ್‌ಫಾರ್ಮಿನ್ ಕೊಟ್ಟು, ಅವರ ಕರುಳಿನ ಬ್ಯಾಕ್ಟೀರಿಯಾಗಳನ್ನು ಬ್ಯಾಕ್ಟೀರಿಯಾರಹಿತ ಇಲಿಗಳಿಗೆ ಹಾಕಿದರು. ಗುಳಿಗೆಯನ್ನು ಕಾಣದ ಆ ಇಲಿಗಳೂ ಸಕ್ಕರೆಯನ್ನು ಮೊದಲಿಗಿಂತ ಚೆನ್ನಾಗಿ ನಿಭಾಯಿಸಿದವು. ಅಂದರೆ ಮೆಟ್‌ಫಾರ್ಮಿನ್, ಯಕೃತ್ತು ಸಕ್ಕರೆ ತಯಾರಿಸುವುದನ್ನು ತಗ್ಗಿಸುವುದರ ಜೊತೆಗೆ, ತನ್ನ ಕೆಲಸದ ಒಂದು ಪಾಲನ್ನು ಕರುಳಿನ ಬ್ಯಾಕ್ಟೀರಿಯಾಗಳ ಮೂಲಕವೇ ಮಾಡಿಸುತ್ತಿರಬಹುದು. ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಕರುಳಿನಲ್ಲಿ ಒಳ್ಳೆಯ ಬದಲಾವಣೆಯಾಗಲೆಂದು ನಾನು ಸೀಸೆ ತಂದೆ. ಆ ಬದಲಾವಣೆಯನ್ನು ಸದ್ದಿಲ್ಲದೆ ಮಾಡುತ್ತಿದ್ದಿರಬಹುದಾದ, ನಾಲ್ಕಾರು ಕಾಸಿನ ಗುಳಿಗೆಯನ್ನು ಅವ್ವನ ಕೈಯಿಂದ ಕಸಿದೆ. ಅವಳ ಹೊಟ್ಟೆಯುಬ್ಬರಕ್ಕೂ ದಾರಿಯಿತ್ತು. ಊಟದ ಜೊತೆಗೆ, ಸ್ವಲ್ಪದರಿಂದ ಆರಂಭಿಸಿ, ನಿಧಾನವಾಗಿ ಕರಗುವ ಜಾತಿಯ ಅದೇ ಗುಳಿಗೆಯನ್ನು ಕೊಟ್ಟರೆ ಅನೇಕರಿಗೆ ಒಗ್ಗುತ್ತದೆಂದು ಆಸ್ಪತ್ರೆಯಲ್ಲಿ ತಿಳಿಸಿದರು. ಅವ್ವನಿಗೆ ಒಗ್ಗಿತು. ಕೇಳುವ ಒಂದು ಮಾತಿನಿಂದ ಆಗುವ ಕೆಲಸಕ್ಕೆ ಅವಳು ಹನ್ನೊಂದು ದಿನ ಆಸ್ಪತ್ರೆಯಲ್ಲಿ ನರಳಬೇಕಾಯಿತು.

ಹಾಗಾದರೆ ಬ್ಯಾಕ್ಟೀರಿಯಾಗಳನ್ನೇ ಕೊಟ್ಟು ಮಧುಮೇಹವನ್ನು ಗುಣಪಡಿಸಲಾಗದೆ? ಪ್ರಯತ್ನ ನಡೆದಿದೆ. ಆಮ್‌ಸ್ಟರ್‌ಡ್ಯಾಮಿನ ವೈದ್ಯರು ತೆಳ್ಳಗಿನ ಆರೋಗ್ಯವಂತರ ಮಲದಿಂದ ಬ್ಯಾಕ್ಟೀರಿಯಾಗಳನ್ನು ತೆಗೆದು, ಇನ್ಸುಲಿನ್ನಿನ ಮಾತು ಕೇಳದ ಸ್ಥೂಲಕಾಯರ ಕರುಳಿಗೆ ನಳಿಕೆಯ ಮೂಲಕ ಸೇರಿಸಿದರು. ಮೂಗು ಮುರಿಯಬೇಡಿರಿ, ವಿಜ್ಞಾನಕ್ಕೆ ಮಡಿಮೈಲಿಗೆಯಿಲ್ಲ. ಆರು ವಾರಗಳಲ್ಲಿ ಅವರ ಜೀವಕೋಶಗಳು ಇನ್ಸುಲಿನ್ನಿಗೆ ಕಿವಿಗೊಟ್ಟವೆಂದು ೨೦೧೨ರಲ್ಲಿ ವರದಿಯಾಯಿತು. ಆದರೆ ೨೦೧೭ರ ವರದಿಯಲ್ಲಿ ಹದಿನೆಂಟು ವಾರಗಳ ಹೊತ್ತಿಗೆ ಆ ಫಲ ಉಳಿದಿರಲಿಲ್ಲ. ಹಳೆಯ ಬಿಡಾರದವರು ಮತ್ತೆ ಬಂದು ಕೂತಿದ್ದರು. ಬೆಲ್ಜಿಯಮ್ಮಿನಲ್ಲಿ ಅಕರ್ಮ್ಯಾನ್ಸಿಯ ಎಂಬ ಒಂದು ಬ್ಯಾಕ್ಟೀರಿಯಾವನ್ನು ಹಾಲು ಕಾಯಿಸಿದಂತೆ ಹದವಾಗಿ ಕಾಯಿಸಿ ಕೊಂದು, ಮೂರು ತಿಂಗಳು ತಿನ್ನಿಸಿ ನೋಡಿದಾಗ ಇನ್ಸುಲಿನ್ನಿನ ಕೆಲಸ ಸ್ವಲ್ಪ ಸುಧಾರಿಸಿತು. ಇದು ೨೦೧೯ರ ವರದಿ. ಪರೀಕ್ಷೆಯನ್ನು ಪೂರೈಸಿದವರು ೩೨ ಮಂದಿ ಮಾತ್ರ. ಆಸೆ ಹುಟ್ಟಿಸುವ ಸುದ್ದಿ ಹೌದು, ಔಷಧವೆನ್ನಲು ಸಾಲದು.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ್ದು ಷಾಂಘಾಯಿಯ ಪರೀಕ್ಷೆ. ಅಲ್ಲಿ ೪೩ ಮಂದಿ ಮಧುಮೇಹಿಗಳನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ಒಂದೇ ಗುಳಿಗೆ. ಒಂದು ಗುಂಪಿಗೆ ಮಾತ್ರ ಇಡಿಯ ಧಾನ್ಯ ಮೊದಲಾದ ನಾನಾ ಬಗೆಯ ನಾರಿನ ಆಹಾರ ಹೆಚ್ಚಾಗಿ. ಹನ್ನೆರಡು ವಾರಗಳ ಬಳಿಕ, ನಾರಿನ ಗುಂಪಿನಲ್ಲಿ ನೂರಕ್ಕೆ ೮೯ರಷ್ಟು ಜನರ ಸಕ್ಕರೆ ವೈದ್ಯರು ಬಯಸಿದ ಮಟ್ಟಕ್ಕೆ ಇಳಿಯಿತು. ಇನ್ನೊಂದರಲ್ಲಿ ನೂರಕ್ಕೆ ೫೦ರಷ್ಟು. ನಾರು ಸಿಕ್ಕವರ ಕರುಳಿನಲ್ಲಿ ಆಮ್ಲ ತಯಾರಿಸುವ ಕೆಲವೇ ಬಗೆಯ ಬ್ಯಾಕ್ಟೀರಿಯಾಗಳು ಒಟ್ಟಾಗಿ ತಲೆಯೆತ್ತಿದ್ದವು. ೨೦೧೮ರಲ್ಲಿ ಪ್ರಕಟವಾದ ಈ ಪರೀಕ್ಷೆ ಚಿಕ್ಕದೇ. ಆದರೂ ಅದರಲ್ಲಿ ಒಂದು ಮಾತನ್ನು ಗಮನಿಸಿರಿ: ಗುಳಿಗೆಯ ಬದಲು ನಾರಲ್ಲ, ಗುಳಿಗೆಯ ಜೊತೆಗೆ ನಾರು. ನಾನು ತಪ್ಪಿದ್ದು ಈ 'ಬದಲು' ಎಂಬಲ್ಲಿ.

ಇದನ್ನು ಓದುವಾಗ ನನಗೆ ನಮ್ಮೂರ ಅಡಿಗೆಮನೆ ನೆನಪಾಯಿತು. ಬಿಳಿಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಮೆಂತ್ಯದ ಸೊಪ್ಪು, ಸವತೆಕಾಯಿ, ಗುರೆಳ್ಳಿನ ಹಿಂಡಿ, ಮೇಲೆ ಒಂದು ಬಟ್ಟಲು ಮಜ್ಜಿಗೆ. ಬಡತನದ ಊಟವೆಂದು ನಾವು ನಾಚಿಕೊಳ್ಳುತ್ತಿದ್ದೆವು. ಮುಂಬಯಿಗೆ ಬಂದ ಮೇಲೆ ಅವಸರದ ಬದುಕಿಗೆ ಪಾವು, ಬಿಳಿಯ ಅನ್ನ, ಬಿಸ್ಕೀಟು, ಸಿಹಿ ಚಹ ಒದಗಿದವು. ಅವ್ವನ ಊಟ ಬದಲಾಯಿತು, ಕೆಲಸ ತಪ್ಪಿತು. ಅವಳ ಹೊಟ್ಟೆಯೊಳಗಿನ ಬಿಡಾರದವರಿಗೂ ಊರು ಬಿಟ್ಟ ಹಾಗಾಯಿತು. ಆದರೆ ಇಲ್ಲಿಯೂ ಅರ್ಧ ಸತ್ಯಕ್ಕೆ ಬಲಿಯಾಗಬೇಡಿರಿ. ಜೋಳದಲ್ಲಿಯೂ ಪಿಷ್ಟವಿದೆ, ನಾಲ್ಕು ರೊಟ್ಟಿ ತಿಂದರೆ ಸಕ್ಕರೆ ಏರಿಯೇ ಏರುತ್ತದೆ. ಮಜ್ಜಿಗೆಯ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಕರುಳಿನಲ್ಲಿ ನೆಲೆಯೂರುವುದಿಲ್ಲ, ಯಾತ್ರಿಕರಂತೆ ಬಂದು ಹೋಗುತ್ತವೆ. ಹಳ್ಳಿಯಲ್ಲಿಯೂ ಈಗ ಮಧುಮೇಹಿಗಳಿಗೆ ಬರವಿಲ್ಲ. ವಂಶ, ವಯಸ್ಸು, ತೂಕ, ನಡಿಗೆ, ನಿದ್ರೆ ಹೀಗೆ ಕಾರಣಗಳು ಹಲವು. ಕರುಳಿನ ಬ್ಯಾಕ್ಟೀರಿಯಾ ಅವುಗಳಲ್ಲೊಂದು ಎಳೆ.

ಈ ಮಾತು ಮುದುಕರಿಗೆ ಸೇರಿದ್ದು, ನಮಗೇಕೆ ಎನ್ನಬೇಡಿರಿ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ೧೦ ಲಕ್ಷ ಮಧುಮೇಹಿಗಳಿದ್ದಾರೆ. ಇನ್ನೂ ೧೩ ಕೋಟಿ ೬೦ ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆ. ಆ ಹೊಸ್ತಿಲಿನವರಲ್ಲಿ ನಾನೂ ಒಬ್ಬ. ಅವ್ವನ ಜೊತೆಗೆ ಅಂದು ನನ್ನ ರಕ್ತವನ್ನೂ ಪರೀಕ್ಷಿಸಿದ್ದರು. ಮೂವತ್ತಾರರ ನನಗೆ ಅದು ಒಳ್ಳೆಯ ಪಾಠವಾಯಿತು. ಈಗ ಎರಡು ನಿಲ್ದಾಣ ಮೊದಲೇ ಗಾಡಿಯಿಂದಿಳಿದು ಶಾಲೆಗೆ ನಡೆದು ಬರುತ್ತೇನೆ. ಮಾಸ್ತರರಿಗೆ ಟಿಕೇಟಿಗೆ ದುಡ್ಡಿಲ್ಲವೆಂದು ನಿಮ್ಮಲ್ಲಿ ಕೆಲವರು ನಕ್ಕಿರುವುದು ನನಗೆ ಗೊತ್ತಿದೆ.

ಇನ್ನು, ಹಿಂದಿನ ಬೆಂಚಿನ ಆ ಹುಡುಗಿಗೆ ನೇರ ಉತ್ತರ. ಮಗೂ, ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳಿಗೂ ಮಧುಮೇಹಕ್ಕೂ ಸಂಬಂಧವಿದೆ, ಅದು ನಿಜ. ಅವುಗಳನ್ನು ಬೆಳೆಸಿದ ಮಾತ್ರಕ್ಕೆ ನಿನ್ನ ಅಜ್ಜಿಯ ಕಾಯಿಲೆ ಹೋಗುತ್ತದೆಂಬುದು ನಿಜವಲ್ಲ. ಅಜ್ಜಿಯ ತಟ್ಟೆಯಲ್ಲಿ ಕಾಳು, ಸೊಪ್ಪು ಇರುವಂತೆ ನೋಡಿಕೋ; ನಿನ್ನ ಡಬ್ಬಿಯಲ್ಲಿಯೂ ಇರಲಿ. ಸಂಜೆ ಅವರ ಕೈ ಹಿಡಿದು ಮೆಟ್ಟಿಲಿಳಿಸಿ ಸ್ವಲ್ಪ ನಡೆದಾಡಿಸು. ಗುಳಿಗೆ ಒಗ್ಗದಿದ್ದರೆ ವೈದ್ಯರಿಗೆ ಹೇಳು. ಯಾರು ಎಂಥ ಸೀಸೆಯನ್ನು ತೋರಿಸಿದರೂ ಅವರ ಗುಳಿಗೆಯನ್ನು ಬಿಡಿಸಬೇಡ.

ನಮ್ಮ ಅವ್ವ ಈಗ ಕ್ಷೇಮ. ಬೆಳಗಿನ ಒಂದು ರೊಟ್ಟಿಯ ಜೊತೆಗೆ ಗುಳಿಗೆ ನುಂಗುತ್ತಾಳೆ, ನುಂಗುವ ಮೊದಲು ನನ್ನ ಕಡೆಗೊಮ್ಮೆ ನೋಡಿ, "ಇದರಾಗ ನಿನ್ನ ಶಾಣ್ಯಾತನ ಏನೂ ಇಲ್ಲಲ್ಲೋ ತಮ್ಮಾ?" ಎಂದು ಕೇಳುತ್ತಾಳೆ. ಮನೆಯವರೆಲ್ಲ ನಗುತ್ತಾರೆ. ನಾನೂ ನಗುತ್ತೇನೆ. ಆಮೇಲೆ ಅವಳ ಕಾಲಿನ ಹೆಬ್ಬೆರಳನ್ನು ದಿನವೂ ಒಮ್ಮೆ ಬೆಳಕಿಗೆ ಹಿಡಿದು ನೋಡಿಯೇ ಶಾಲೆಗೆ ಹೊರಡುತ್ತೇನೆ.